ಕಾವಲುಗಾರನೇ ಬಾಗಿಲು ಮುಚ್ಚಿದಾಗ

ಅಂಗಡಿಯ ಲೆಕ್ಕ, ಮಕ್ಕಳ ಪಾಠ, ಮದುವೆಯ ಕರೆಯೋಲೆ ಎಲ್ಲವೂ ಇಂದು ಗಣಕಯಂತ್ರದಲ್ಲಿಯೇ ನಡೆಯುತ್ತಿವೆ. ನಾವೂ ಎರಡು ವರ್ಷಗಳಿಂದ ನಮ್ಮ ವಚನ ಟಿಪ್ಪಣಿಗಳನ್ನು ಅದರಲ್ಲಿಯೇ ಬೆರಳಚ್ಚಿಸುತ್ತ ಬಂದಿದ್ದೆವು. ಕಳೆದ ಶ್ರಾವಣದಲ್ಲಿ ಆಂಟಿವೈರಸ್ ತಂತ್ರಾಂಶದ ಹೊಸ ಆವೃತ್ತಿಯನ್ನು ಅಳವಡಿಸಿದ ಮರುಗಳಿಗೆಯೇ ಪರದೆ ನೀಲಿಯಾಯಿತು. ಯಂತ್ರವು ತಾನಾಗಿ ನಿಂತು, ಮತ್ತೆ ಹೊರಟು, ಮತ್ತೆ ನಿಂತಿತು. ದುರಸ್ತಿಗೆ ಬಂದವರು, “ಎಲ್ಲವನ್ನೂ ಅಳಿಸಿ ಹೊಸದಾಗಿ ವಿಂಡೋಸ್ ಹಾಕಬೇಕು” ಎಂದುಬಿಟ್ಟರು. ನಾವು ಒಪ್ಪಲಿಲ್ಲ.

ಕಾಯುವ ತಂತ್ರಾಂಶವೇ ಕೆಡಿಸುವುದೆಂದರೇನು? ಮಠದ ಕಾವಲುಗಾರನಿಗೆ ಅಂಗಳವಷ್ಟೇ ಸಾಕು. ಆಂಟಿವೈರಸ್ಸಿಗಾದರೋ ಉಗ್ರಾಣದ ಕೀಲಿಕೈಯನ್ನೂ ಕೊಟ್ಟಿರುತ್ತೇವೆ. ಅದರ ಒಂದು ಭಾಗ ವಿಂಡೋಸಿನ ಅಂತರಾಳವಾದ ಕರ್ನಲ್‌ನಲ್ಲಿ ನೆಲೆಸಿರುತ್ತದೆ. ಅಲ್ಲಿ ತಪ್ಪು ಸಂಭವಿಸಿದರೆ ಇಡೀ ಯಂತ್ರವೇ ನಿಲ್ಲುತ್ತದೆ.

2010ರ ಏಪ್ರಿಲ್ 21ರಂದು ಮ್ಯಾಕಫೀ ಕಂಪನಿಯ ಆಂಟಿವೈರಸ್, ವಿಂಡೋಸ್ ಎಕ್ಸ್‌ಪಿಯ ಅವಶ್ಯಕ ಕಡತವೊಂದನ್ನೇ ವೈರಸ್ಸೆಂದು ಭ್ರಮಿಸಿ, ಅನೇಕ ಯಂತ್ರಗಳನ್ನು ಕೆಡವಿತ್ತು. 2024ರ ಜುಲೈ 19ರ ಘಟನೆ ಅದಕ್ಕಿಂತ ದೊಡ್ಡದು. ಕ್ರೌಡ್‌ಸ್ಟ್ರೈಕ್ ಕಂಪನಿ ಕಳುಹಿಸಿದ ಒಂದು ಸಣ್ಣ ಕಡತದಿಂದ, ಮೈಕ್ರೋಸಾಫ್ಟಿನ ಅಂದಾಜಿನಂತೆ, ಸುಮಾರು 85 ಲಕ್ಷ ಯಂತ್ರಗಳು ಸ್ತಬ್ಧವಾದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿಯೂ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಕಾರಣವಿಷ್ಟೆ: 20 ಮೌಲ್ಯಗಳನ್ನು ಒದಗಿಸಿದ್ದ ಕಡೆ ತಂತ್ರಾಂಶವು 21ನೆಯದನ್ನು ಓದಲು ಹೋಯಿತು. 20 ಗರಿಗಳ ತಾಳೆಯೋಲೆಯ ಕಟ್ಟಿನಲ್ಲಿ 21ನೆಯ ಗರಿಯನ್ನು ಹುಡುಕಿದರೆ ಪಂಡಿತನು ನಕ್ಕು ಸುಮ್ಮನಾಗುತ್ತಾನೆ, ಕರ್ನಲ್ ಹಾಗಲ್ಲ. ಕಂಪನಿಯು ಸುಮಾರು 80 ನಿಮಿಷಗಳಲ್ಲಿ ತಪ್ಪನ್ನು ಹಿಂತೆಗೆದುಕೊಂಡಿತಾದರೂ, ಬಿದ್ದ ಯಂತ್ರಗಳು ಎದ್ದರಲ್ಲವೆ ಪರಿಹಾರವನ್ನು ಪಡೆಯುವುದು? ಬಹುಪಾಲು ಯಂತ್ರಗಳನ್ನು ಒಂದೊಂದಾಗಿ ಕೈಯಿಂದಲೇ ಸರಿಪಡಿಸಬೇಕಾಯಿತು.

ನಮ್ಮ ಯಂತ್ರದ ಕಥೆ ಬೇರೆ. ನಮ್ಮಲ್ಲಿ ಓದಲು ಬರುವ ವಿದ್ಯಾರ್ಥಿಯೊಬ್ಬನು ಅದನ್ನು ‘ಸೇಫ್ ಮೋಡ್’ನಲ್ಲಿ ತೆರೆದನು. ಅತ್ಯವಶ್ಯಕ ಭಾಗಗಳನ್ನಷ್ಟೇ ಎಬ್ಬಿಸಿ, ಉಳಿದವನ್ನು ಮಲಗಿಸಿಡುವ ಕ್ರಮವಿದು. ಯಂತ್ರವು ಎರಡು ಮೂರು ಸಲ ಹೊರಡಲಾರದೆ ನಿಂತಾಗ ವಿಂಡೋಸ್ ತಾನೇ ದುರಸ್ತಿಯ ಪುಟವನ್ನು ತೋರಿಸುತ್ತದೆ. ಅಲ್ಲಿ ‘ಟ್ರಬಲ್‌ಶೂಟ್’, ಅದರೊಳಗೆ ‘ಅಡ್ವಾನ್ಸ್ಡ್ ಆಪ್ಷನ್ಸ್’, ಬಳಿಕ ‘ಸ್ಟಾರ್ಟಪ್ ಸೆಟ್ಟಿಂಗ್ಸ್’ ಆರಿಸಿ, ಯಂತ್ರವು ಮರಳಿ ಹೊರಟಾಗ 4ನ್ನು ಒತ್ತಬೇಕು. ಕೆಲವು ಯಂತ್ರಗಳು ಈ ಹಂತದಲ್ಲಿ ಬಿಟ್‌ಲಾಕರಿನ 48 ಅಂಕಿಗಳ ಕೀಲಿಯನ್ನು ಕೇಳುತ್ತವೆ. ಆದ್ದರಿಂದ ಅದನ್ನು ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳುವುದು ಕ್ಷೇಮ.

ಹುಡುಗನು ಮೊದಲು ಟಿಪ್ಪಣಿಗಳನ್ನೆಲ್ಲ ಪೆನ್‌ಡ್ರೈವಿಗೆ ಇಳಿಸಿಕೊಂಡನು. ಆ ಬುದ್ಧಿ ನಮಗೆ ಹೊಳೆದಿರಲಿಲ್ಲ! ಅನಂತರ ನೋಡುತ್ತ, “ಗುರುಗಳೇ, ಇದರೊಳಗ ಇಬ್ಬರು ಕಾವಲುಗಾರರು ಅದಾರ್ರೀ” ಎಂದನು. ಹಿಂದೆ ಬೇರೊಂದು ಕಂಪನಿಯಿಂದ ಕೊಂಡಿದ್ದ ಆಂಟಿವೈರಸ್ಸನ್ನು ನಾವು ತೆಗೆದಿರಲೇ ಇಲ್ಲ. ಎರಡೂ ಏಕಕಾಲದಲ್ಲಿ ಪ್ರತಿ ಕಡತವನ್ನೂ ತಡೆದು ಪರೀಕ್ಷಿಸಲು ಹೋಗಿ ಜಗಳಕ್ಕೆ ಬಿದ್ದಿದ್ದವು. ಸಾಮಾನ್ಯ ರೀತಿಯಲ್ಲಿ ತೆಗೆದರೆ ಇವುಗಳ ಬೇರು ಉಳಿಯುವುದುಂಟು. ಅದಕ್ಕಾಗಿಯೇ ಅನೇಕ ಕಂಪನಿಗಳು ನಿರ್ಮೂಲನ ಸಾಧನವನ್ನು ಉಚಿತವಾಗಿ ನೀಡುತ್ತವೆ. ಹುಡುಗನು ಅದನ್ನು ಇನ್ನೊಂದು ಗಣಕದಿಂದ ತಂದು, ಹಳೆಯದನ್ನು ಪೂರ್ತಿಯಾಗಿ ಕಿತ್ತುಹಾಕಿದನು. ಯಂತ್ರವು ಎಂದಿನಂತೆ ಎದ್ದಿತು.

ಅಷ್ಟಕ್ಕೂ ವಿಂಡೋಸ್ 10 ಹಾಗೂ 11ರೊಂದಿಗೆ ಡಿಫೆಂಡರ್ ಎಂಬ ಆಂಟಿವೈರಸ್ ಉಚಿತವಾಗಿಯೇ ಬರುತ್ತದೆ. ಗೃಹಬಳಕೆಗೆ ಅದೇ ಸಾಕೆಂಬುದು ನಮ್ಮ ಅಭಿಮತ. ಹೊಸದಾಗಿ ಕೊಂಡ ತಂತ್ರಾಂಶದ ಅವಧಿ ಇನ್ನೂ ಏಳು ತಿಂಗಳು ಇದೆಯಾದ್ದರಿಂದ, ಹಣ ಕೊಟ್ಟ ತಪ್ಪಿಗೆ, ಅಲ್ಲಿಯವರೆಗೆ ಅದನ್ನೇ ಇರಿಸಿಕೊಂಡಿದ್ದೇವೆ. ಟಿಪ್ಪಣಿಗಳ ಪೆನ್‌ಡ್ರೈವ್ ಮಾತ್ರ ಈಗ ಪುಸ್ತಕದ ಕಪಾಟಿನಲ್ಲಿದೆ.