ಮೀನನ್ನು ಬಾಯಿಗೆ ಕರೆಸಿಕೊಳ್ಳುವ ಹಾವು

ಕೆರೆಯಂಚಿನಲ್ಲಿ ನಿಂತು ಮರಿಮೀನನ್ನು ಕೈಯಿಂದ ಹಿಡಿಯಲು ನೀವು ಎಂದಾದರೂ ಯತ್ನಿಸಿರಬಹುದು. ಕೈ ತಲುಪುವಷ್ಟರಲ್ಲಿ ಮೀನು ಅಲ್ಲಿರುವುದಿಲ್ಲ. ನೀರು ಕದಲಿದ ಸದ್ದು ಕಿವಿಗೆ ಬಿದ್ದ 6-7 ಮಿಲಿಸೆಕೆಂಡುಗಳಲ್ಲೇ ಅದರ ದೇಹ ಬಿಲ್ಲಿನಂತೆ ಬಾಗಿ, ಸದ್ದು ಬಂದ ಬದಿಯಿಂದ ದೂರಕ್ಕೆ ಚಿಮ್ಮುತ್ತದೆ. (ಒಂದು ಮಿಲಿಸೆಕೆಂಡು ಎಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗ.) ಮೀನಿನ ಮೆದುಳಿನ ಎಡಬಲಗಳಲ್ಲಿ ಮೌತ್ನರ್ ಕೋಶವೆಂಬ ಒಂದೊಂದು ದೊಡ್ಡ ನರಕೋಶವಿದೆ. ಮೊದಲು ಪ್ರಚೋದನೆಗೊಂಡ ಕೋಶ ಇನ್ನೊಂದನ್ನು ತಡೆದು, ಎದುರು ಬದಿಯ ಸ್ನಾಯುಗಳನ್ನು ಸಂಕುಚಿಸುತ್ತದೆ. ಹೀಗೆ ಹೊರಟ ಆಜ್ಞೆಯನ್ನು ಹಿಂದಕ್ಕೆ ಪಡೆಯುವಂತಿಲ್ಲ.

ಈ ಆಜ್ಞೆಯನ್ನೇ ಬಳಸಿಕೊಂಡು ಬದುಕುವ ಹಾವೊಂದು ಥಾಯ್ಲೆಂಡ್, ಕಾಂಬೋಡಿಯ, ವಿಯೆಟ್ನಾಮ್‌ಗಳ ಕೆರೆ, ಬತ್ತದ ಗದ್ದೆ, ಮಂದ ಹರಿವಿನ ತೊರೆಗಳಲ್ಲಿದೆ. ಹೆಸರು ಎರ್ಪಿಟಾನ್ ಟೆಂಟಾಕ್ಯುಲೇಟಮ್. ಮೂತಿಯ ತುದಿಯಲ್ಲಿ ಎರಡು ಮೃದುವಾದ ಚಾಚುಗಳಿರುವುದರಿಂದ ನಾವು ಮೀಸೆಹಾವು ಎನ್ನೋಣ. ಉದ್ದ ಒಂದು ಮೀಟರಿಗಿಂತ ಕಡಿಮೆ. ನೆಲಕ್ಕೆ ಬರುವುದು ಬಲು ಅಪರೂಪ. ಮರಿ ಹಾಕುವುದೂ ನೀರಿನಲ್ಲೇ. ಜಲಸಸ್ಯಕ್ಕೆ ಬಾಲ ಸುತ್ತಿ, ತಲೆ-ಕತ್ತುಗಳನ್ನು ಕೊಡೆಯ ಹಿಡಿಯಂತೆ ಬಾಗಿಸಿ, ಕಡ್ಡಿಯ ಹಾಗೆ ನಿಶ್ಚಲವಾಗಿರುತ್ತದೆ.

ಅದು ಎರಗಲು ಸುಮಾರು 15ರಿಂದ 20 ಮಿಲಿಸೆಕೆಂಡು ಬೇಕು. ಲೆಕ್ಕದ ಪ್ರಕಾರ ಮೀನೇ ಗೆಲ್ಲಬೇಕಲ್ಲವೆ? ಅಮೆರಿಕದ ಜೀವವಿಜ್ಞಾನಿ ಕೆನೆತ್ ಕಟಾನಿಯ ಅತಿವೇಗದ ಕ್ಯಾಮೆರಾದಲ್ಲಿ ಚಿತ್ರಿಸಿ, 2009ರಲ್ಲಿ ಗುಟ್ಟನ್ನು ಪ್ರಕಟಿಸಿದರು. ಮೀನು ಆ ಬಾಗಿನೊಳಗೆ ಬರುತ್ತಲೇ ಹಾವು ಮೊದಲು ಅಲುಗಿಸುವುದು ತಲೆಯನ್ನಲ್ಲ, ಎದುರು ಬದಿಯ ಮೈಯನ್ನು! ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರು. ಐದು ಸೆಂಟಿಮೀಟರು ಆಚೆಗಿರುವ ಮೀನನ್ನು ತಲುಪಲು ಮಿಲಿಸೆಕೆಂಡಿನ ಮೂವತ್ತನೆಯ ಒಂದು ಭಾಗ ಸಾಕು. ಮೀನು ಬೆಚ್ಚಿ ಮೈಯಿಂದ ದೂರಕ್ಕೆ, ಅಂದರೆ ಬಾಯಿಯ ಕಡೆಗೆ, ತಿರುಗುತ್ತದೆ. 120 ದಾಳಿಗಳಲ್ಲಿ ಶೇಕಡ 78ರಷ್ಟು ಸಲ ಹೀಗಾಯಿತು. ಕೆಲವೊಮ್ಮೆ ಹಾವು ಮೀನಿದ್ದ ಜಾಗಕ್ಕೆ ಗುರಿಯಿಡದೆ, ಅದರ ತಲೆ ಮುಂದೆ ಎಲ್ಲಿರುವುದೋ ಅಲ್ಲಿಗೇ ಎರಗಿತ್ತು. ಅನುಭವದಿಂದ ಕಲಿತದ್ದೇ? ಅಲ್ಲ. ಜೀವಂತ ಮೀನನ್ನೇ ಕಾಣದ ಮರಿಗಳೂ ಹಾಗೇ ಎರಗಿದುದನ್ನು 2010ರಲ್ಲಿ ಅವರೇ ತೋರಿಸಿದರು. ಇನ್ನು ಆ ಮೀಸೆಗಳು, ಮೀನಿಗೆ ಒಡ್ಡಿದ ಎರೆಯಲ್ಲ. ರಾಡಿ ನೀರಿನಲ್ಲೂ ಕತ್ತಲಲ್ಲೂ ಅಲೆಯ ನವಿರು ಕದಲಿಕೆಯನ್ನು ಗ್ರಹಿಸುವ ಅಂಗಗಳು.

ಈ ಹಾವಿನ ನೆಲೆಗಳಲ್ಲಿ ಕಾಂಬೋಡಿಯದ ತೊನ್ಲೆ ಸಾಪ್ ಸರೋವರವೂ ಒಂದು. ಮಳೆಗಾಲದಲ್ಲಿ ಮೆಕಾಂಗ್ ನದಿಯ ನೀರು ಹಿಮ್ಮುಖವಾಗಿ ಹರಿದು ಬಂದು ಸರೋವರ ಹಲವು ಪಟ್ಟು ಹಿಗ್ಗುತ್ತದೆ, ಮೀನು ತುಂಬುತ್ತದೆ. ಅಲ್ಲಿ ಬಲೆಗೆ ಬೀಳುತ್ತಿದ್ದ ನೀರುಹಾವುಗಳು ವರ್ಷಕ್ಕೆ ಸುಮಾರು 69 ಲಕ್ಷವೆಂದು 2007ರಲ್ಲಿ ಪ್ರಕಟವಾದ ಅಂದಾಜು ಹೇಳಿತು. ಅವುಗಳಲ್ಲಿ ಬಹಳಷ್ಟು ಸಾಕಿದ ಮೊಸಳೆಗಳಿಗೆ ಆಹಾರವಾದವು. ಆ ರಾಶಿಯಲ್ಲಿ ಮೀಸೆಹಾವೂ ಇತ್ತು.