'ರಿಕಮಿಷನ್' ಎಂಬ ಪದದ ಅರ್ಥ ಮತ್ತು ಪ್ರಯೋಗ

ಇಂಗ್ಲಿಷ್ ಆಕರಗಳನ್ನು ಕನ್ನಡಕ್ಕೆ ತರುವ ವಿದ್ಯಾರ್ಥಿಗಳು 'ರಿಕಮಿಷನ್' ಎಂಬ ಪದವು ಎದುರಾದಾಗ 'ಪುನರ್ನೇಮಕ' ಎಂದೋ 'ಪುನರಾರಂಭ' ಎಂದೋ ಬರೆದು ಮುಂದೆ ಸಾಗುವುದುಂಟು. ಪದವು ಚಿಕ್ಕದು, ಆದರೆ ಅದನ್ನು ತಪ್ಪಾಗಿ ತಿಳಿದರೆ ಇತಿಹಾಸದ ಘಟನೆಯೇ ಬೇರೊಂದಾಗಿ ತೋರುವುದು. ಆದುದರಿಂದ ಅದರ ಅರ್ಥವನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರಿಸುತ್ತೇವೆ.

ತೊಡಕಿಗೆ ಕಾರಣ ಮೂಲಪದದ ನಾನಾರ್ಥಗಳು. ನಮ್ಮ ಕೊಟ್ಟಾರದ ಅಂಗಡಿಬೀದಿಯಲ್ಲಿ 'ಕಮಿಷನ್' ಎಂದರೆ ದಲ್ಲಾಳಿಯ ಪಾಲು. ಪತ್ರಿಕೆಯನ್ನೋದುವವರಿಗೆ ವಿಚಾರಣೆಯ ಆಯೋಗ. ಸೈನಿಕರ ಮನೆಯಲ್ಲಿ ಅಧಿಕಾರಿಯ ಪದವಿ. ಇವೆಲ್ಲಕ್ಕೂ ಬೇರು ಒಂದೇ. ಲ್ಯಾಟಿನ್ ಭಾಷೆಯ 'ಕಮ್ಮಿಟ್ಟೆರೆ' ಎಂಬ ಧಾತುವಿಗೆ ಒಪ್ಪಿಸು, ವಹಿಸಿಕೊಡು ಎಂಬರ್ಥಗಳಿವೆ. ಅಧಿಕಾರವುಳ್ಳವರು ಇನ್ನೊಬ್ಬರಿಗೆ ಒಂದು ಕಾರ್ಯವನ್ನು ವಹಿಸುವುದೇ ಕಮಿಷನ್. ಹಾಗೆ ವಹಿಸಿದುದು ಒಮ್ಮೆ ಮುಗಿದು ಅಥವಾ ನಿಂತು, ಮತ್ತೆ ವಹಿಸಲ್ಪಟ್ಟಾಗ ಅದು ರಿಕಮಿಷನ್.

ಈ ಪದವು ಹೆಚ್ಚಾಗಿ ಬಳಕೆಗೆ ಬಂದುದು ಬ್ರಿಟಿಷ್ ನೌಕಾಪಡೆಯಲ್ಲಿ. ಹಾಯಿಹಡಗುಗಳ ಕಾಲದಲ್ಲಿ ಕಪ್ತಾನನು ತನಗೆ ದೊರೆತ ಅಧಿಕಾರಪತ್ರವನ್ನು ಹಡಗಿನ ಮೇಲೆ ಓದಿಹೇಳಿ, ಧ್ವಜವನ್ನೇರಿಸಿದ ಮೇಲೆಯೇ ಆ ಹಡಗು ಸೇವೆಯಲ್ಲಿದೆಯೆಂದು ಎಣಿಕೆ. ನಾವಿಕರಿಗೆ ಸಂಬಳ ತೀರಿಸಿ ಹಡಗನ್ನು ಬಂದರಿನಲ್ಲಿ ಕಟ್ಟಿಹಾಕಿದರೆ ಆ ಸೇವೆ ಮುಗಿಯಿತು. ಹೊಸ ಕಪ್ತಾನನ ನೇಮಕದೊಡನೆ ಅದು ಮತ್ತೆ ಆರಂಭವಾಗುತ್ತಿತ್ತು. ಮೊದಲು ಮನುಷ್ಯನಿಗೆ ಸಂದ ಅಧಿಕಾರವು ಹೀಗೆ ಹಡಗಿಗೂ ಅನ್ವಯಿಸಿತು.

ಹಡಗು ನೀರಿಗಿಳಿಯುವುದು ಬೇರೆ, ಸೇವೆಗೆ ಸೇರುವುದು ಬೇರೆ ಎಂಬುದನ್ನೂ ಇಲ್ಲಿ ಗಮನಿಸತಕ್ಕದ್ದು. ಭಾರತದ ಮೊದಲ 'ವಿಕ್ರಾಂತ'ವು 1945ರಲ್ಲಿ 'ಹರ್ಕ್ಯುಲಿಸ್' ಎಂಬ ಹೆಸರಿನಿಂದ ಜಲಾವತರಣಗೊಂಡಿತು. ಸೇವೆಗೆ ಸೇರಿದ್ದು 1961ರ ಮಾರ್ಚ್ 4ರಂದು. ಹದಿನಾರು ವರ್ಷಗಳ ಅಂತರವಿದ್ದರೂ ಇದು ರಿಕಮಿಷನ್ ಅಲ್ಲ, ಪ್ರಥಮ ಸೇವಾನಿಯೋಜನೆ. ಅದು 1997ರಲ್ಲಿ ನಿವೃತ್ತವಾಯಿತು. 2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ಸೇವೆಗೆ ಸೇರಿದ 'ವಿಕ್ರಾಂತ'ವು ಹೊಸ ಹಡಗು. ಮರಳಿ ಬಂದುದು ಹೆಸರು ಮಾತ್ರ. 'ವಿರಾಟ'ದ ವಿಷಯ ಹಾಗಲ್ಲ. 1959ರಲ್ಲಿ 'ಹರ್ಮಿಸ್' ಎಂದು ಬ್ರಿಟಿಷ್ ಸೇವೆಗೆ ಸೇರಿದ ಅದೇ ಹಡಗು 1987ರಲ್ಲಿ ಭಾರತದ ಸೇವೆಗೆ ನಿಯುಕ್ತವಾಯಿತು. ಹೆಸರೂ ಒಡೆತನವೂ ಬದಲಾದರೂ ಇದನ್ನು ರಿಕಮಿಷನ್ ಎನ್ನಬಹುದು.

ಕಾಲಕ್ರಮದಲ್ಲಿ ಪದವು ವಿದ್ಯುದಾಗಾರ, ರೈಲುಮಾರ್ಗಗಳಿಗೂ ವಿಸ್ತರಿಸಿತು. ಇದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ನಿದರ್ಶನವಿದೆ. 1979ರಲ್ಲಿ ಪೂರ್ಣಗೊಂಡ ಹಾಸನ-ಮಂಗಳೂರು ಮೀಟರ್ ಗೇಜ್ ಮಾರ್ಗದಲ್ಲಿ, ಅಗಲ ಹಳಿಗೆ ಪರಿವರ್ತಿಸುವ ಸಲುವಾಗಿ 1996ರಲ್ಲಿ ಸಂಚಾರ ನಿಂತಿತು. ಸರಕುಗಾಡಿಗಳು 2006ರಲ್ಲಿಯೂ ಪ್ರಯಾಣಿಕರ ಗಾಡಿಗಳು 2007ರ ಡಿಸೆಂಬರಿನಲ್ಲಿಯೂ ಸಂಚರಿಸತೊಡಗಿದವು. ಇದನ್ನು ಬರಿಯ 'ಪುನರಾರಂಭ' ಎಂದರೆ, ನಿಂತ ಗಾಡಿ ಮರುದಿನ ಹೊರಟಂತಾಗುವುದು. ಘಟ್ಟದ ಸುರಂಗಗಳ ನಡುವೆ ಹಳಿಯನ್ನು ಹೊಸದಾಗಿ ಹಾಸಿದುದು, ಪರೀಕ್ಷಿಸಿದುದು, ಪ್ರಯಾಣಕ್ಕೆ ಯೋಗ್ಯವೆಂದು ಅಧಿಕಾರಿಗಳು ಅನುಮತಿಯಿತ್ತುದು, ಇವೆಲ್ಲವೂ ಆ ಮಾತಿನಲ್ಲಿ ಮರೆಯಾಗುತ್ತವೆ.

ಇನ್ನೊಂದು ಎಚ್ಚರಿಕೆ. ಅವಧಿ ಮುಗಿದ ಆಯೋಗದ ಸ್ಥಾನದಲ್ಲಿ ಸರಕಾರವು ಮತ್ತೊಂದನ್ನು ನೇಮಿಸಿದರೆ ಅದು ರಿಕಮಿಷನ್ ಆಗದು. ಕರ್ನಾಟಕದಲ್ಲಿ 1972ರ ಹಾವನೂರ್ ಆಯೋಗದ ಬಳಿಕ 1983ರಲ್ಲಿ ವೆಂಕಟಸ್ವಾಮಿ ಆಯೋಗವು ಬಂದಿತು. ವಿಷಯವು ಹಿಂದುಳಿದ ವರ್ಗಗಳದೇ ಆದರೂ ಎರಡು ಆಯೋಗಗಳೂ ಬೇರೆ ಬೇರೆ.

ಹೀಗಿರಲು, ಈ ಪದವನ್ನು ಕಂಡೊಡನೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಯುಕ್ತ: ವಹಿಸಿದವರು ಯಾರು? ನಡುವೆ ಸೇವೆಯು ನಿಜವಾಗಿ ನಿಂತಿತ್ತೇ? ಮರಳಿದುದು ಅದೇ ವಸ್ತುವೇ, ಅದರ ಹೆಸರೇ? ಹಡಗು, ಮಾರ್ಗ, ಯಂತ್ರಗಳಿಗೆ 'ಪುನಃ ಸೇವಾನಿಯೋಜನೆ' ಎಂದೂ ಅಧಿಕಾರಿಗಳಿಗೆ 'ಮರುನಿಯುಕ್ತಿ' ಎಂದೂ ಬರೆಯುವುದು ಲೇಸೆಂದು ನಮ್ಮ ಅಭಿಪ್ರಾಯ. ಇದಕ್ಕಿಂತ ಉಚಿತವಾದ ಶಬ್ದಗಳನ್ನು ಅಧ್ಯಾಪಕರು ಸೂಚಿಸಿದಲ್ಲಿ ಸಂತೋಷದಿಂದ ಸ್ವೀಕರಿಸುತ್ತೇವೆ.