ಜಾಲಪುಟದ ಜ್ಞಾಪಕಶಕ್ತಿ

ಮೈಸೂರಿನಿಂದ ನಂಜನಗೂಡನ್ನು ಹಾದು ಗುಂಡ್ಲುಪೇಟೆಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಬೇಗೂರು ಎಂಬ ಊರು ಸಿಕ್ಕುತ್ತದೆ. ಅಲ್ಲಿಯ ಜೆರಾಕ್ಸ್ ಅಂಗಡಿಯೊಂದರಲ್ಲಿ ಮಳೆ ನಿಲ್ಲುವುದನ್ನು ಕಾಯುತ್ತ ನಿಂತಿದ್ದಾಗ ನಾವು ಕಂಡ ಸಂಗತಿಯಿದು. ಪಿ.ಯು. ತರಗತಿಯ ವಿದ್ಯಾರ್ಥಿನಿಯೊಬ್ಬಳು ಅಂಗಡಿಯ ಕಂಪ್ಯೂಟರಿನ ಮುಂದೆ ಕುಳಿತು ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬುತ್ತಿದ್ದಳು. ಆದಾಯ ಪ್ರಮಾಣಪತ್ರದ ಸಂಖ್ಯೆ, ಬ್ಯಾಂಕಿನ ಖಾತೆ, ಹಿಂದಿನ ವರ್ಷದ ಅಂಕಗಳು, ಹೀಗೆ ಮುಕ್ಕಾಲು ಗಂಟೆಯ ಕೆಲಸ ಮುಗಿಯುತ್ತ ಬಂದಿತ್ತು. ಅಷ್ಟರಲ್ಲಿ ಗುಡುಗಿತು, ಕರೆಂಟು ಹೋಯಿತು. ಅದು ಮರಳಿ ಬಂದಾಗ ಅರ್ಜಿಯ ಮನೆಗಳೆಲ್ಲ ಬರಿದಾಗಿದ್ದವು. ಅರ್ಜಿ ಸಲ್ಲಿಸಲು ಅದೇ ಕೊನೆಯ ದಿನ. “ಬರೆದದ್ದೆಲ್ಲ ಎಲ್ಲಿಗೆ ಹೋಯಿತು ಸಾರ್?” ಎಂದು ಆಕೆ ಕೇಳಿದಳು.

ಪ್ರಶ್ನೆ ಚಿಕ್ಕದು. ಆದರೆ ಅದರ ಉತ್ತರದಲ್ಲಿ ಭೌತಶಾಸ್ತ್ರವೂ ಉಂಟು, ಜಾಲಪುಟಗಳನ್ನು ರಚಿಸುವವರ ಜಾಣ್ಮೆಯೂ ಉಂಟು.

ಬರೆದದ್ದು ಎಲ್ಲಿತ್ತು ಎಂಬುದನ್ನು ಮೊದಲು ನೋಡೋಣ. ಕೀಲಿಮಣೆಯ ಮೇಲೆ ಒತ್ತಿದ ಪ್ರತಿಯೊಂದು ಅಕ್ಷರವೂ ಕಂಪ್ಯೂಟರಿನ ‘ರ‍್ಯಾಮ್’ ಎಂಬ ತಾತ್ಕಾಲಿಕ ಸ್ಮೃತಿಯನ್ನು ಸೇರುತ್ತದೆ. ಇಲ್ಲಿ ಒಂದೊಂದು ಬಿಟ್ಟಿಗೂ ಅತಿ ಸೂಕ್ಷ್ಮವಾದ ಒಂದು ಕೆಪ್ಯಾಸಿಟರ್ ಇದೆ. ಅದರಲ್ಲಿ ವಿದ್ಯುದಾವೇಶವಿದ್ದರೆ 1, ಇಲ್ಲದಿದ್ದರೆ 0. ಆದರೆ ಈ ಆವೇಶವು ಸೋರುತ್ತಲೇ ಇರುತ್ತದೆ. ತೂತುಬಿದ್ದ ಕೊಡಕ್ಕೆ ಮತ್ತೆ ಮತ್ತೆ ನೀರು ಸುರಿಯಬೇಕಾಗುವಂತೆ, ಸಾಮಾನ್ಯವಾಗಿ 64 ಮಿಲಿಸೆಕೆಂಡುಗಳಿಗೊಮ್ಮೆ ಇದನ್ನು ತುಂಬಬೇಕು. ಕರೆಂಟು ಹೋದರೆ ತುಂಬುವವರಿಲ್ಲ, ಸ್ಮೃತಿ ಬರಿದಾಗುತ್ತದೆ. ಮೊಬೈಲು, ಪೆನ್‌ಡ್ರೈವ್‌ಗಳ ‘ಫ್ಲಾಶ್’ ಸ್ಮೃತಿಯ ರೀತಿ ಬೇರೆ. ಅಲ್ಲಿ ಆವೇಶವು ಅವಾಹಕದ ಗೋಡೆಗಳ ನಡುವೆ ಸೆರೆಯಾಗಿರುವುದರಿಂದ ವಿದ್ಯುತ್ತಿಲ್ಲದೆಯೂ ವರ್ಷಗಟ್ಟಲೆ ಉಳಿಯಬಲ್ಲದು. ವಿದ್ಯಾರ್ಥಿನಿಯ ಅಕ್ಷರಗಳು ಮೊದಲನೆಯ ಬಗೆಯ ಸ್ಮೃತಿಯಲ್ಲಿದ್ದವು. ಅವನ್ನು ಶಾಶ್ವತ ಸ್ಮೃತಿಗೆ ದಾಟಿಸುವ ಏರ್ಪಾಡನ್ನು ಆ ಪುಟವನ್ನು ರಚಿಸಿದವರು ಮಾಡಿರಲಿಲ್ಲ.

ಹಾಗಾದರೆ ಅರ್ಜಿಯ ಪುಟವನ್ನು ಕಳುಹಿಸಿದ ದೂರದ ಸರ್ವರಿಗಾದರೂ ನೆನಪಿರಬೇಡವೆ? ಇರುವುದಿಲ್ಲ. 1989ರಲ್ಲಿ ಜಿನೀವಾದ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಅವರು ವೆಬ್ಬಿನ ಯೋಜನೆಯನ್ನು ಮುಂದಿಟ್ಟರು. ಅದಕ್ಕಾಗಿ ರೂಪುಗೊಂಡ ಎಚ್‌ಟಿಟಿಪಿ ಎಂಬ ಸಂವಹನ ನಿಯಮದಲ್ಲಿ ಪ್ರತಿಯೊಂದು ಕೋರಿಕೆಯೂ ಸ್ವತಂತ್ರವಾದುದು. ಕೇಳಿದ ಪುಟವನ್ನು ಕೊಟ್ಟ ಮೇಲೆ, ಕೇಳಿದವರು ಯಾರೆಂಬುದನ್ನು ನೆನಪಿಡುವ ಹೊಣೆ ಸರ್ವರಿಗಿಲ್ಲ. ಈ ಮರೆವು ದೋಷವಲ್ಲ. ಲಕ್ಷಾಂತರ ಜನರಿಗೆ ಸುಲಭವಾಗಿ ಪುಟಗಳನ್ನು ಒದಗಿಸಲು ಅದೇ ಅನುಕೂಲ. ಆದರೆ ಅಂಗಡಿ, ಬ್ಯಾಂಕು, ಅರ್ಜಿಗಳು ಜಾಲಕ್ಕೆ ಬಂದಾಗ ನೆನಪು ಬೇಕಾಯಿತು. 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲಿ ಅವರು ‘ಕುಕಿ’ಯನ್ನು ರೂಪಿಸಿದರು. ದೇವಸ್ಥಾನದ ಮುಂದೆ ಚಪ್ಪಲಿ ಬಿಟ್ಟವರಿಗೆ ಬಿಲ್ಲೆ ಕೊಡುತ್ತಾರಷ್ಟೆ? ಹಾಗೆಯೇ ಸರ್ವರು ಬ್ರೌಸರಿಗೆ ಒಂದು ಗುರುತನ್ನು ಕೊಡುತ್ತದೆ. ಬ್ರೌಸರು ಮುಂದಿನ ಸಲ ಅದನ್ನು ತೋರಿಸುತ್ತದೆ. ಆದರೆ ಒಂದು ಕುಕಿಯಲ್ಲಿ ಹಿಡಿಸುವುದು ಸುಮಾರು 4,000 ಬೈಟ್‌ಗಳು ಮಾತ್ರ. ಅಲ್ಲದೆ ಅದು ಪ್ರತಿ ಕೋರಿಕೆಯ ಜೊತೆಯಲ್ಲೂ ಪ್ರಯಾಣಮಾಡಬೇಕು. ಬಿಲ್ಲೆಯ ಮೇಲೆ ಇಡೀ ಅರ್ಜಿಯನ್ನು ಬರೆಯಲಾದೀತೆ?

ಆದಕಾರಣ ಬ್ರೌಸರಿನಲ್ಲಿಯೇ ಉಗ್ರಾಣಗಳನ್ನು ಕಟ್ಟಲಾಗಿದೆ. ‘ಸೆಷನ್ ಸ್ಟೋರೇಜ್’ ಎಂಬುದು ಪುಟವನ್ನು ರಿಫ್ರೆಶ್ ಮಾಡಿದರೂ ಉಳಿದು, ಆ ಟ್ಯಾಬನ್ನು ಮುಚ್ಚಿದೊಡನೆ ಅಳಿಯುತ್ತದೆ. ‘ಲೋಕಲ್ ಸ್ಟೋರೇಜ್’ ಕಂಪ್ಯೂಟರನ್ನು ಆರಿಸಿದರೂ ಉಳಿಯುತ್ತದೆ. ಒಂದೊಂದು ಜಾಲತಾಣಕ್ಕೆ ಸಾಮಾನ್ಯವಾಗಿ 5 ಮೆಗಾಬೈಟ್ ಸ್ಥಳ. ‘ಬೇಗೂರು’ ಎಂದು ಬರೆಯಲು ಯೂನಿಕೋಡಿನ 6 ಸಂಕೇತಗಳು ಬೇಕು. ಯುಟಿಎಫ್-8 ಕ್ರಮದಲ್ಲಿ ಅವು 18 ಬೈಟ್‌ಗಳಾಗುತ್ತವೆ. ಈ ಲೆಕ್ಕದಲ್ಲಿ ಒಂದು ಅರ್ಜಿಗೆ ಉಗ್ರಾಣದ ಮೂಲೆಯೊಂದೇ ಸಾಕು. ಚಿತ್ರಗಳೇ ಮೊದಲಾದ ದೊಡ್ಡ ಸರಕಿಗೆ ‘ಇಂಡೆಕ್ಸ್‌ಡ್ ಡಿಬಿ’ ಎಂಬ ಇನ್ನೂ ವಿಶಾಲವಾದ ಉಗ್ರಾಣವಿದೆ.

ಸ್ಥಳವೇನೋ ಸಿಕ್ಕಿತು. ಅಲ್ಲಿ ಏನನ್ನು ಇಡಬೇಕು? ಹಳ್ಳಿಯ ಜಗಲಿಗಲ್ಲುಗಳ ಮೇಲೆ ಹುಲಿ-ಕುರಿ ಆಟದ ಗೆರೆಗಳನ್ನು ಓದುಗರು ಕಂಡಿರಬಹುದು. 3 ಹುಲಿ, 15 ಕುರಿಗಳ ಆಟವನ್ನು ಅರ್ಧಕ್ಕೆ ನಿಲ್ಲಿಸಿ ನಾಳೆ ಮುಂದುವರಿಸಬೇಕೆಂದಿಟ್ಟುಕೊಳ್ಳಿ. ಯಾವ ಕಾಯಿ ಎಲ್ಲಿದೆ ಎಂದು ಬರೆದಿಟ್ಟರೆ ಸಾಲದು. ಮುಂದಿನ ಸರದಿ ಯಾರದು, ಇಳಿಸದೆ ಕೈಯಲ್ಲಿ ಉಳಿದ ಕುರಿಗಳೆಷ್ಟು ಎಂಬುದೂ ಬೇಕು. ಆದರೆ ಹುಲಿ ತಿಂದ ಕುರಿಗಳೆಷ್ಟು ಎಂಬುದನ್ನು ಬರೆಯಬೇಕಾಗಿಲ್ಲ. ಮಣೆಯ ಮೇಲೆ 9, ಕೈಯಲ್ಲಿ 4 ಇದ್ದರೆ ತಿಂದದ್ದು 2 ಎಂದು ತಾನಾಗಿಯೇ ತಿಳಿಯುತ್ತದೆ. ಯಾವುದರಿಂದ ಉಳಿದೆಲ್ಲವನ್ನೂ ಮರಳಿ ಪಡೆಯಬಹುದೋ ಆ ಕನಿಷ್ಠ ವಿವರವೇ ‘ಸ್ಥಿತಿ’. ಲೋಲಕವೊಂದರ ಸ್ಥಾನ ಮತ್ತು ವೇಗಗಳು ತಿಳಿದರೆ ಅದರ ಮುಂದಿನ ಚಲನೆಯನ್ನೆಲ್ಲ ಗುಣಿಸಬಹುದೆಂದು ನಾವು ತರಗತಿಯಲ್ಲಿ ಹೇಳುವುದೂ ಇದನ್ನೇ. ಅರ್ಜಿಯಲ್ಲಿಯೂ ಹೀಗೆಯೇ: ಪ್ರತಿ ವಿಷಯದ ಅಂಕವನ್ನು ಇಡಬೇಕು, ಮೊತ್ತವನ್ನು ಇಡಬೇಕಾಗಿಲ್ಲ. ಎರಡನ್ನೂ ಇಟ್ಟರೆ, ಒಂದು ಅಂಕವನ್ನು ತಿದ್ದಿದ ದಿನ ಅವೆರಡಕ್ಕೂ ಜಗಳ ಹತ್ತುತ್ತದೆ.

ಲೋಕಲ್ ಸ್ಟೋರೇಜ್ ಅಕ್ಷರಗಳ ಸಾಲನ್ನಲ್ಲದೆ ಬೇರೇನನ್ನೂ ಸ್ವೀಕರಿಸದು. ಆದ್ದರಿಂದ ಸ್ಥಿತಿಯನ್ನು ‘ಜೇಸನ್’ ಎಂಬ ಬರಹದ ಕ್ರಮಕ್ಕೆ ಇಳಿಸುತ್ತಾರೆ. ಅದು ಹೀಗಿರುತ್ತದೆ:

{"ಆವೃತ್ತಿ": 1, "ಊರು": "ಬೇಗೂರು", "ಅಂಕಗಳು": [78, 84, 91]}

ಪುಟ ಮತ್ತೆ ತೆರೆದಾಗ ಈ ಸಾಲನ್ನು ಓದಿ ಮನೆಗಳನ್ನು ಮೊದಲಿನಂತೆ ತುಂಬುವುದು ಪ್ರೋಗ್ರಾಮಿನ ಕೆಲಸ. ಕರೆಂಟು ಹೇಳಿ ಕೇಳಿ ಹೋಗುವುದಿಲ್ಲವಾದ್ದರಿಂದ, ಬೆರಳು ಒಂದೆರಡು ಸೆಕೆಂಡು ಬಿಡುವು ಕೊಟ್ಟಾಗಲೆಲ್ಲ ಉಳಿಸುತ್ತ ಹೋಗಬೇಕು.

ಮೇಲಿನ ಸಾಲಿನಲ್ಲಿ ‘ಆವೃತ್ತಿ’ ಏಕೆ? ಅರ್ಜಿಯ ಪುಟವು ಮುಂದೆ ಬದಲಾಗಬಹುದು. ಇಂದು ‘ಊರು’ ಎಂಬ ಒಂದೇ ಮನೆಯಿದ್ದಲ್ಲಿ ನಾಳೆ ತಾಲ್ಲೂಕು, ಹೋಬಳಿ, ಗ್ರಾಮ ಎಂಬ ಮೂರು ಮನೆಗಳಾಗಬಹುದು. ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಬೇಗೂರು ಹೋಬಳಿಯೂ ಹೌದು, ಗ್ರಾಮವೂ ಹೌದು. ಬೆಂಗಳೂರಿನ ದಕ್ಷಿಣಕ್ಕೂ ಪ್ರಸಿದ್ಧವಾದ ಒಂದು ಬೇಗೂರಿದೆ. ಹಳೆಯ ಸಾಲನ್ನು ಹೊಸ ಪುಟವು ಊಹೆಯಿಂದ ತುಂಬಿಕೊಂಡರೆ ಅರ್ಜಿಯು ಬೇರೆ ಜಿಲ್ಲೆಯ ಪಾಲಾದೀತು! ಆವೃತ್ತಿಯ ಸಂಖ್ಯೆಯನ್ನು ನೋಡಿ, ತಿಳಿದದ್ದನ್ನು ತುಂಬಿ, ಸಂದೇಹವಿರುವುದನ್ನು ಕೇಳಿ ತಿಳಿಯುವುದೇ ಸರಿಯಾದ ಕ್ರಮ.

ಇನ್ನೊಂದು ಎಚ್ಚರಿಕೆಯ ಮಾತು. ಲೋಕಲ್ ಸ್ಟೋರೇಜ್ ಇರುವುದು ಆ ಕಂಪ್ಯೂಟರಿನಲ್ಲಿ, ಆ ಬ್ರೌಸರಿನಲ್ಲಿ. ಅಂಗಡಿಯಲ್ಲಿ ಉಳಿಸಿದ್ದು ಮನೆಯ ಮೊಬೈಲಿನಲ್ಲಿ ಸಿಕ್ಕದು. ಅದಕ್ಕಿಂತ ಕೆಟ್ಟದ್ದೆಂದರೆ, ನಿಮ್ಮ ನಂತರ ಅದೇ ಕುರ್ಚಿಯಲ್ಲಿ ಕುಳಿತವರಿಗೆ ಅದು ಸಿಕ್ಕಬಹುದು. ಆಧಾರ್ ಸಂಖ್ಯೆಯನ್ನೂ ಗುಪ್ತಪದವನ್ನೂ ಅಲ್ಲಿ ಇಡಲೇಬಾರದು. ಅರ್ಜಿ ಸಲ್ಲಿಸಿದೊಡನೆ ಕರಡನ್ನು ಅಳಿಸಬೇಕು. ಹಲವು ಸ್ಥಳಗಳಿಂದ ಬೇಕಾಗುವ ಸ್ಥಿತಿಯನ್ನು, ಬಳಸುವವರ ಗುರುತನ್ನು ಪರೀಕ್ಷಿಸಿ, ಸರ್ವರಿನಲ್ಲಿಯೇ ಕಾಪಿಡುವುದು ಯುಕ್ತ. 2000ದಲ್ಲಿ ಆರಂಭವಾದ ಕರ್ಣಾಟಕದ ‘ಭೂಮಿ’ ಯೋಜನೆಯು ಸುಮಾರು 2 ಕೋಟಿ ಪಹಣಿಗಳನ್ನು ಕೈಬರಹದ ಪುಸ್ತಕಗಳಿಂದ ಕಂಪ್ಯೂಟರಿಗೆ ತಂದಿತು. ಇಂದು ಬೇಗೂರಿನ ರೈತನು ತನ್ನ ಜಮೀನಿನ ಪಹಣಿಯನ್ನು ಮೈಸೂರಿನಲ್ಲಿ ಕುಳಿತು ನೋಡಬಲ್ಲನೆಂದರೆ, ಜಮೀನಿನ ‘ಸ್ಥಿತಿ’ ಒಂದೇ ಯಂತ್ರಕ್ಕೆ ಅಂಟಿಕೊಂಡಿಲ್ಲದಿರುವುದೇ ಕಾರಣ.

ಆ ವಿದ್ಯಾರ್ಥಿನಿ ಅಂದು ಅರ್ಜಿಯನ್ನು ಮೊದಲಿನಿಂದ ಬರೆದಳು. ಈ ಸಲ ಅಂಕಗಳನ್ನೂ ಸಂಖ್ಯೆಗಳನ್ನೂ ಮೊದಲು ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದುಕೊಂಡು, ಬಳಿಕ ಪುಟಕ್ಕೆ ಇಳಿಸಿದಳು. ಆಕೆಗೆ ತಿಳಿಯದೆಯೇ ಆಕೆ ಮಾಡಿದ್ದು ಸ್ಥಿತಿಯನ್ನು ಉಳಿಸುವ ಕೆಲಸವನ್ನೇ. ಆ ಕೆಲಸವನ್ನು ಪುಟವೇ ಮಾಡಬೇಕಾಗಿತ್ತು. ನಮ್ಮ ಓದುಗರಲ್ಲಿ ಕೆಲವರಾದರೂ ನಾಳೆ ಇಂಥ ಪುಟಗಳನ್ನು ರಚಿಸುವವರೇ. ಆಗ ಬೇಗೂರಿನ ಮಳೆಯನ್ನೂ ಕೊನೆಯ ದಿನದ ಆ ಅರ್ಜಿಯನ್ನೂ ಅವರು ನೆನೆಯಲಿ.